ಮಾವ ತಿರುಗಿಸಿದ ಹೆಸರುಗಳು

ಲೋಕದಲ್ಲಿ ಯುದ್ಧಗಳು ನಡೆದಿವೆ, ಸಾಮ್ರಾಜ್ಯಗಳು ಮುಳುಗಿವೆ, ಅವುಗಳ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳೂ ಬಂದಿವೆ. ಆದರೆ ಇವೆಲ್ಲಕ್ಕಿಂತ ಗಹನವಾದ ಒಂದು ಪ್ರಶ್ನೆಯನ್ನು ವಿದ್ವಾಂಸರು ಯಾಕೋ ಕಡೆಗಣಿಸಿಬಿಟ್ಟಿದ್ದಾರೆ: ಕಾಗದದ ಮೇಲೆ ಮನುಷ್ಯನ ಹೆಸರು ಬರೆಯುವಾಗ ಮನೆಹೆಸರು ಮೊದಲು ಬರಬೇಕೋ, ಇಟ್ಟ ಹೆಸರು ಮೊದಲು ಬರಬೇಕೋ? ಈ ಪ್ರಶ್ನೆಗೆ ತನ್ನ ಆಯುಸ್ಸಿನ ಹನ್ನೊಂದು ವರ್ಷಗಳನ್ನು ಧಾರೆಯೆರೆದವಳು ಒಬ್ಬಳಿದ್ದಳು. ಪ್ರಮಾಣಪತ್ರಗಳನ್ನು ಅಚ್ಚು ಹಾಕಿಕೊಡುವ ಕಚೇರಿಯೊಂದರ ಎರಡನೆಯ ಮಹಡಿಯಲ್ಲಿ, ನೀರಿನ ಫಿಲ್ಟರಿನ ಪಕ್ಕದ ಮೇಜು ಅವಳದು.

ಕಚೇರಿಯವರು ಅವಳನ್ನು ಸ್ಟೈಲಕ್ಕ ಎನ್ನುತ್ತಿದ್ದರು. ಸ್ಟೈಲಿಗೂ ಅವಳಿಗೂ ಇದ್ದ ನೆಂಟಸ್ತಿಕೆ ಸ್ಟೈಲ್‌ಶೀಟ್ ಎಂಬ ಕಡತದ್ದು ಮಾತ್ರ. ಉಳಿದಂತೆ ಅವಳು ಬೂದುಬಣ್ಣದ ಎರಡು ಸ್ವೆಟರುಗಳಲ್ಲಿ ಇಡೀ ವರ್ಷ ಕಳೆಯುವವಳು. ಸ್ಟೈಲ್‌ಶೀಟ್ ಎಂದರೆ ಕಾಗದ ಹೇಗೆ ಕಾಣಬೇಕೆಂದು ಕಂಪ್ಯೂಟರಿಗೆ ಬುದ್ಧಿ ಹೇಳುವ ನಿಯಮಗಳ ಪಟ್ಟಿ. ಟೈಪಿಸ್ಟು ಮೂರು ಪೆಟ್ಟಿಗೆ ತುಂಬುತ್ತಾರೆ: ಮನೆಹೆಸರು, ಇಟ್ಟ ಹೆಸರು, ದೇಶ. ಶೀಟು ದೇಶವನ್ನು ನೋಡಿ ಯಾವುದು ಮುಂದೆ, ಯಾವುದು ಹಿಂದೆ, ನಡುವೆ ಅಲ್ಪವಿರಾಮ ಬೇಕೋ ಬೇಡವೋ ಎಂದು ತೀರ್ಮಾನಿಸಿ ಅಚ್ಚಿಗೆ ಕಳಿಸುತ್ತದೆ. ಅರವತ್ತೆರಡು ದೇಶ, ಅರವತ್ತೆರಡು ನಿಯಮ. ಪ್ರತಿ ನಿಯಮದ ತಲೆಯ ಮೇಲೆ, ಯಾಕೆ ಹೀಗೆ ಎಂದು ಒಂದು ಸಾಲಿನ ಕಾರಣ. ಕಾರಣ ಬರೆಯದ ನಿಯಮವನ್ನು ಸ್ಟೈಲಕ್ಕ ಕಟ್ಟೆಯಿಲ್ಲದ ಬಾವಿಯ ಹಾಗೆ ನೋಡುತ್ತಿದ್ದಳು.

ಹನ್ನೊಂದು ವರ್ಷದಲ್ಲಿ ಒಂದೇ ಒಂದು ಪ್ರಮಾಣಪತ್ರವೂ ಹೆಸರು ತಪ್ಪಿದೆಯೆಂದು ವಾಪಸು ಬಂದಿರಲಿಲ್ಲ. ಬೇರೆ ಶಾಖೆಗಳಿಗೆ ವಾರಕ್ಕೆ ಒಂದು ಚೀಲ ವಾಪಸು ಬರುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸುದ್ದಿ ಪ್ರಧಾನ ಕಚೇರಿಯ ಮೇಡಂ ಕಿವಿಗೆ ಬಿತ್ತು. ಸೋಮವಾರದಿಂದ ಹತ್ತೊಂಬತ್ತು ಶಾಖೆಗಳಿಗೂ ಇದೇ ಶೀಟು. ಅದನ್ನು ನೋಡಿಕೊಳ್ಳಲು ಪ್ರಧಾನ ಕಚೇರಿಯಲ್ಲಿ ಹೊಸದೊಂದು ಹುದ್ದೆ. ಆ ಹುದ್ದೆ ಸ್ಟೈಲಕ್ಕನಿಗೆ. ಗುರುವಾರ ಸಂಜೆ ಐದರೊಳಗೆ ಶೀಟನ್ನು ಕಳಿಸಿಕೊಟ್ಟರೆ ಆದೇಶ ಕೈಗೆ ಬಂದ ಹಾಗೆ. ಹನ್ನೊಂದು ವರ್ಷ ಊರವರ ಬಾಟಲಿಗಳಿಗೆಲ್ಲ ನೀರು ತುಂಬುವ ಸದ್ದು ಕೇಳಿಕೊಂಡು ಕೂತವಳಿಗೆ ಬಾಗಿಲಿರುವ ಒಂದು ಕೋಣೆ. ಆ ಬಾಗಿಲನ್ನು ಅವಳು ಮನಸ್ಸಿನಲ್ಲಿ ಆಗಲೇ ನೂರು ಸಲ ಹಾಕಿ ತೆಗೆದಿದ್ದಳು.

ಪೆಟ್ಟಿಗೆಗಳಿಗೆ ಹೆಸರು ತುಂಬುತ್ತಿದ್ದವರು ಅವಳ ಸೋದರಮಾವ. ಅವಳನ್ನು ಈ ಕೆಲಸಕ್ಕೆ ತಂದು ಸೇರಿಸಿದವರೂ ಅವರೇ. ಅವಳು ಮಾವ ಅನ್ನುತ್ತಿದ್ದುದರಿಂದ ಕ್ರಮೇಣ ಅವರು ಇಡೀ ಕಚೇರಿಗೆ ಮಾವನಾದರು, ಲಿಫ್ಟಿನವನಿಗೂ ಮಾವ. ಈ ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಜೆ ಹಾಕದ ಪುಣ್ಯಾತ್ಮ. ಜ್ವರ ಬಂದರೆ ಜ್ವರವನ್ನೂ ಜೊತೆಗೆ ಕರೆದುಕೊಂಡು ಬರುತ್ತಿದ್ದರು. ಮಗಳ ಮದುವೆಯನ್ನು ಭಾನುವಾರ ನೋಡಿ ಇಟ್ಟುಕೊಂಡು ಸೋಮವಾರ ಒಂಬತ್ತಕ್ಕೆ ಕುರ್ಚಿಯಲ್ಲಿದ್ದರು. "ಮಾವನ್ನ ಕುರ್ಚಿ ಸಮೇತ ರಿಟೈರ್ ಮಾಡ್ಬೇಕಾಗತ್ತೆ," ಎಂದು ಕಚೇರಿಯವರು ನಗುತ್ತಿದ್ದರು.

ಬುಧವಾರ ಮಾವನ ದವಡೆ ಬಾತಿತು. ದಂತವೈದ್ಯರು ಬುದ್ಧಿಹಲ್ಲನ್ನು ಕಿತ್ತು, ಬಾಯಿಗೆ ಹತ್ತಿ ತುರುಕಿ, ಎರಡು ದಿನ ಅಲ್ಲಾಡಬೇಡಿ ಎಂದರು. ಗುರುವಾರ ಬೆಳಿಗ್ಗೆ ಆ ಕುರ್ಚಿಯಲ್ಲಿ ಬದಲಿ ಟೈಪಿಸ್ಟ್ ಒಬ್ಬಳು ಬಂದು ಕೂತಳು. ನಡುವಯಸ್ಸಿನವಳು, ಕನ್ನಡಕಕ್ಕೆ ದಾರ, ಮಾತಿಗೆ ಮೆಣಸು.

ಅಂದಿನ ಕೆಲಸ ದೊಡ್ಡದು. ನರ್ಸಿಂಗ್ ಕಾಲೇಜಿನ ನೂರ ಎಂಬತ್ತಾರು ಪ್ರಮಾಣಪತ್ರಗಳು. ಹತ್ತಾರು ದೇಶಗಳಿಂದ ಬಂದು ಓದಿದ ಹುಡುಗಿಯರು. ಶುಕ್ರವಾರ ಹತ್ತು ಗಂಟೆಗೆ ಪದವಿ ಸಮಾರಂಭ. ಪ್ರಮಾಣಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿನಂತೆಯೇ ಇರದಿದ್ದರೆ ಅವರ ದೇಶದ ಆಸ್ಪತ್ರೆಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹನ್ನೊಂದು ಗಂಟೆಗೆ ಕರಡು ಪ್ರತಿಗಳು ಪ್ರಿಂಟರಿನಿಂದ ಬೆಚ್ಚಗೆ ಹೊರಬಂದವು. ಹನ್ನೊಂದೂ ಹತ್ತಕ್ಕೆ ಬದಲಿ ಟೈಪಿಸ್ಟ್ ಒಂದು ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದುಕೊಂಡು ಬಂದಳು.

"ಅಕ್ಕಾ, ಒಂದ್ನಿಮಿಷ. ಇದು ಹಿಂದುಮುಂದಾಗಿ ಬಂದಿದೆ."

"ಯಾವುದು?"

"ಹೆಸರು. ಪಾಸ್‌ಪೋರ್ಟಲ್ಲಿ ಮನೆಹೆಸರು ಮೊದಲು. ಇಲ್ಲಿ ನೋಡಿದ್ರೆ ಹುಡುಗಿ ಹೆಸರು ಮುಂದೆ ಬಂದು ಕೂತಿದೆ."

ಸ್ಟೈಲಕ್ಕ ಹಿರಿಯರು ನಗುವ ಹಾಗೆ ನಕ್ಕಳು. "ಪೆಟ್ಟಿಗೆ ಅದಲುಬದಲು ಮಾಡಿರ್ತೀರ. ಹೊಸಬರಿಗೆ ಹಾಗಾಗತ್ತೆ. ಬೇಜಾರ್ ಮಾಡ್ಕೋಬೇಡಿ."

"ಅಮ್ಮಾ ತಾಯಿ, ನಾನು ಇಪ್ಪತ್ತೆರಡು ವರ್ಷ ಕೋರ್ಟಲ್ಲಿ ಟೈಪ್ ಮಾಡಿ ಬಂದೋಳು. ನಾನು ಹೆಸರು ಅದಲುಬದಲು ಮಾಡಿದ್ರೆ ಕಳ್ಳನ ಬದಲು ವಕೀಲ ಜೈಲಿಗೆ ಹೋಗಿರೋನು. ಬನ್ನಿ, ನೀವೇ ನೋಡಿ."

ಸ್ಟೈಲಕ್ಕ ಎದ್ದು ಹೋಗಿ ನೋಡಿದಳು. ಮನೆಹೆಸರಿನ ಪೆಟ್ಟಿಗೆಯಲ್ಲಿ ಮನೆಹೆಸರೇ ಇತ್ತು. ಇಟ್ಟ ಹೆಸರಿನ ಪೆಟ್ಟಿಗೆಯಲ್ಲಿ ಇಟ್ಟ ಹೆಸರೇ ಇತ್ತು. ದೇಶವೂ ಸರಿ. ಆದರೆ ಹಾಳೆಯ ಮೇಲೆ ಹೆಸರು ತಲೆಕೆಳಗು.

"ಇದೊಂದೇನಾ?"

"ಒಂದಾಗಿದ್ರೆ ನಾನೇ ಪೆನ್ನಲ್ಲಿ ತಿದ್ಕೊಂಡು ಸುಮ್ಮನಿರ್ತಿದ್ದೆ. ನಲವತ್ತಮೂರು."

ನಲವತ್ತಮೂರೂ ನಾಲ್ಕೇ ದೇಶಗಳವು. ಸ್ಟೈಲಕ್ಕ ತನ್ನ ಮೇಜಿಗೆ ಬಂದು ಶೀಟನ್ನು ತೆರೆದು ಆ ನಾಲ್ಕು ನಿಯಮಗಳನ್ನು ಓದಿದಳು. 'ಇಟ್ಟ ಹೆಸರು ಮೊದಲು.' ತಲೆಯ ಮೇಲೆ ಹನ್ನೊಂದು ವರ್ಷದ ಹಿಂದೆ ತಾನೇ ಬರೆದ ಕಾರಣ: 'ಆಯಾ ದೇಶದಿಂದ ಬಂದ ಪತ್ರಗಳ ಸಹಿ ನೋಡಿ ನಿರ್ಧರಿಸಿದೆ.' ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಸೇರಿದ ಮೊದಲ ವಾರ. ಧೂಳು ಹಿಡಿದ ಫೈಲುಗಳಿಂದ ಪ್ರತಿ ದೇಶದ ಎರಡೆರಡು ಪತ್ರ ಹುಡುಕಿ, ಕೆಳಗಿನ ಸಹಿ ನೋಡಿ, ಯಾವುದು ಮೊದಲು ಎಂದು ಬರೆದುಕೊಂಡಿದ್ದಳು. ಎಂಥ ಅಚ್ಚುಕಟ್ಟಾದ ಹುಡುಗಿ ಎಂದು ಆಗಿನ ಮ್ಯಾನೇಜರು ಹೊಗಳಿದ್ದರು.

ಟೈಪಿಸ್ಟಿನ ಫೈಲಿನಲ್ಲಿ ಒಬ್ಬಳು ಹುಡುಗಿಯ ಅರ್ಜಿಯೂ ಅವಳ ಪಾಸ್‌ಪೋರ್ಟಿನ ನಕಲೂ ಅಕ್ಕಪಕ್ಕ ಇದ್ದವು. ಪಾಸ್‌ಪೋರ್ಟಿನಲ್ಲಿ ಮನೆಹೆಸರು ಮೊದಲು. ಅರ್ಜಿಯ ಕೆಳಗಿನ ಸಹಿಯಲ್ಲಿ ಇಟ್ಟ ಹೆಸರು ಮೊದಲು. ಒಂದೇ ಕೈ, ಒಂದೇ ಹುಡುಗಿ.

"ಇವರು ಯಾಕೆ ಹೀಗೆ ತಿರುಗಿಸಿ ಸಹಿ ಹಾಕ್ತಾರೆ?" ಎಂದಳು ಸ್ಟೈಲಕ್ಕ.

"ಮರ್ಯಾದೆಗೆ," ಎಂದಳು ಟೈಪಿಸ್ಟ್. "ಹೊರಗಿನವರಿಗೆ ಬರೀತಿದೀವಿ, ಅವರಿಗೆ ತಿಳಿಯೋ ಹಾಗೆ ಬರೆಯೋಣ ಅಂತ. ಕೋರ್ಟಲ್ಲಿ ಎಷ್ಟು ಜನ ಇಂಥೋರನ್ನ ನೋಡಿದೀನಿ. ಸಹಿ ನಂಬ್ಕೊಂಡ್ರೆ ಕೆಟ್ಟೆವು."

ಮೊದಲ ವಾರವೇ ತಪ್ಪು. ಹಾಗಿದ್ದರೆ ಹನ್ನೊಂದು ವರ್ಷ ಒಂದು ಪ್ರಮಾಣಪತ್ರವೂ ವಾಪಸು ಬರಲಿಲ್ಲವೇಕೆ? ಸ್ಟೈಲಕ್ಕ ಹಳೆಯ ದಾಖಲೆಗಳನ್ನು ತೆರೆದಳು. ಹೋದ ತಿಂಗಳದ್ದು. ಹೋದ ವರ್ಷದ್ದು. ಎಂಟು ವರ್ಷದ ಹಿಂದಿನದು. ಆ ನಾಲ್ಕು ದೇಶಗಳ ಪ್ರತಿಯೊಬ್ಬರ ಮನೆಹೆಸರಿನ ಪೆಟ್ಟಿಗೆಯಲ್ಲಿ ಇಟ್ಟ ಹೆಸರಿತ್ತು. ಇಟ್ಟ ಹೆಸರಿನ ಪೆಟ್ಟಿಗೆಯಲ್ಲಿ ಮನೆಹೆಸರು. ಉಳಿದ ಐವತ್ತೆಂಟು ದೇಶಗಳವರ ಹೆಸರು ಮೇಲ್ನೋಟಕ್ಕೆ ಅದರದರ ಜಾಗದಲ್ಲೇ ಇತ್ತು. ಶೀಟು ತಪ್ಪಾಗಿ ತಿರುಗಿಸುವುದನ್ನು ಯಾರೋ ಮುಂಚಿತವಾಗಿಯೇ ತಿರುಗಿಸಿಟ್ಟಿದ್ದರು. ಎರಡು ತಪ್ಪು ಕೂಡಿ ಹನ್ನೊಂದು ವರ್ಷ ಒಂದು ಸರಿಯಾಗಿತ್ತು. 'ಟೈಪು ಮಾಡಿದವರು' ಎಂಬ ಕಾಲಮಿನಲ್ಲಿ, ಎಲ್ಲ ದೇಶಗಳೂ ಸೇರಿ, ಆರು ಸಾವಿರದ ಇನ್ನೂರ ಹದಿನಾಲ್ಕು ಸಲ ಒಂದೇ ಹೆಸರು: ಮಾವನದು.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುವುದು ಹಳೆಯ ಮಾತು. ಅವಳಿಗೆ ಹಾಗೇನೂ ಆಗಲಿಲ್ಲ. ನೆಲ ಇದ್ದಲ್ಲೇ ಇತ್ತು, ಫ್ಯಾನು ತಿರುಗುತ್ತಿತ್ತು, ಯಾರೋ ಪಕ್ಕದಲ್ಲಿ ಬಾಟಲಿಗೆ ನೀರು ತುಂಬುತ್ತಿದ್ದರು. ಹನ್ನೊಂದು ವರ್ಷ ಮಾತ್ರ ಇರಲಿಲ್ಲ.

"ಅಕ್ಕಾ, ಕೂತ್ಕೊಳ್ಳಿ," ಎಂದಳು ಟೈಪಿಸ್ಟ್.

"ಕೂತೇ ಇದೀನಿ."

"ಹಾಗಿದ್ರೆ ನೀರು ಕುಡೀರಿ. ಪಕ್ಕದಲ್ಲೇ ಇದೆಯಲ್ಲ."

ಮಾವನ ಮನೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮೂರನೆಯ ಮಹಡಿ, ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡು, ಒಳಗೆ ಇಸ್ತ್ರಿ ಪೆಟ್ಟಿಗೆಯ ಬಿಸಿ ವಾಸನೆ. ಬಾಗಿಲು ತೆಗೆದ ಅತ್ತೆ ಸೊಸೆಯ ಮುಖ ನೋಡಿದ್ದೇ ಇಸ್ತ್ರಿಯ ಸ್ವಿಚ್ಚು ಆರಿಸಿದಳು.

"ಬಾರೇ. ಈ ಹೊತ್ತಲ್ಲಿ ಬಂದಿದೀಯ ಅಂದ್ರೆ ಗೊತ್ತಾಗೋಯ್ತು. ಕುರ್ಚೀಲಿ ಬೇರೆ ಯಾರನ್ನೋ ಕೂರಿಸಿದ್ರಾ?"

ಸ್ಟೈಲಕ್ಕನಿಗೆ ಹೊಸ್ತಿಲಲ್ಲೇ ಎರಡನೆಯ ಏಟು. "ಅತ್ತೆ, ನಿಮಗೂ ಗೊತ್ತಾ?"

"ಮೊದಲು ಒಳಗೆ ಬಾ."

ಮಾವ ಸೋಫಾದ ಮೂಲೆಯಲ್ಲಿ, ಒಂದು ಕೆನ್ನೆ ಮಾತ್ರ ಹಬ್ಬದೂಟ ಉಂಡಂತೆ ಊದಿಸಿಕೊಂಡು ಕೂತಿದ್ದರು. ಸೊಸೆಯನ್ನು ಕಂಡು ಏಳಲು ಹೋಗಿ, ಅವಳ ಕೈಯಲ್ಲಿದ್ದ ಕರಡು ಹಾಳೆಯನ್ನು ಕಂಡು ಮತ್ತೆ ಕೂತರು.

"ಮಾವ, ಆ ನಾಲ್ಕು ದೇಶದ ಹೆಸರುಗಳನ್ನ ನೀವು ಬೇಕಂತಲೇ ತಿರುಗಿಸಿ ಹಾಕ್ತಿದ್ರಾ?"

ಮಾವ ಗೋಡೆಯ ಕಡೆ ನೋಡಿದರು.

"ಹೂಂ ಅಂತಿದಾರೆ," ಎಂದಳು ಅತ್ತೆ.

"ಅವರು ಏನೂ ಅನ್ನಲಿಲ್ವಲ್ಲ ಅತ್ತೆ."

"ಮೂವತ್ತು ವರ್ಷದ ಸಂಸಾರ ಕಣೇ. ಗೋಡೆ ನೋಡಿದ್ರೆ ಹೂಂ, ಸೂರು ನೋಡಿದ್ರೆ ಊಹೂಂ. ಕೇಳು, ಇವರಿಗೆ ಬಾಯಿ ಬರಲ್ಲ, ನಾನೇ ಹೇಳ್ತೀನಿ. ನೀನು ಸೇರಿದ ಮೊದಲನೇ ವಾರ ನಿನ್ನ ಶೀಟಿಂದ ಬಂದ ಕಾಗದದಲ್ಲಿ ಹೆಸರು ಉಲ್ಟಾ ಇತ್ತು. ಆಗಿನ ಮ್ಯಾನೇಜರು ಎಂಥೋನು ಅಂತ ನಿನಗೇ ಗೊತ್ತು. ಬೆಳಿಗ್ಗೆ ಹೊಗಳಿ ಸಂಜೆ ಕೆಲಸದಿಂದ ಕಳಿಸೋ ಪೈಕಿ. ನಿಮ್ಮಪ್ಪ ಆಗ ಹಾಸಿಗೆ ಹಿಡಿದಿದ್ದ. ಇವರು ನೋಡಿದ್ರು. ನಾಲ್ಕೇ ಹೆಸರು ತಾನೇ ಅಂತ ಪೆಟ್ಟಿಗೇಲೇ ತಿರುಗಿಸಿಬಿಟ್ರು. ನಿನಗೆ ಆಮೇಲೆ ಹೇಳೋಣ ಅಂದ್ಕೊಂಡ್ರು."

"ಆಮೇಲೆ ಅಂದ್ರೆ ಯಾವಾಗ? ಹನ್ನೊಂದು ವರ್ಷ ಆಯ್ತು!"

"ಆಮೇಲೆ ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂತ ಆಫೀಸಲ್ಲಿ ನಿನಗೆ ಬಹುಮಾನ ಬಂತು. ಬಹುಮಾನ ಬಂದ ದಿನ ಹೇಳಕ್ಕಾಗತ್ತಾ? ಅದು ಹಳೇದಾಗೋ ಹೊತ್ತಿಗೆ ಇನ್ನೊಂದು ಬಂತು. ನೀನು ಒಂದೇ ಒಂದು ವರ್ಷ ಬಹುಮಾನ ಬಿಟ್ಟಿದ್ರೂ ಇವರು ಹೇಳಿಬಿಡ್ತಿದ್ರು."

ಮಾವ ಏನೋ ಗೊಣಗಿದರು. ಹತ್ತಿಯ ಒಳಗಿಂದ ಅದು ದೂರದ ಪಂಪ್‌ಸೆಟ್ಟಿನಂತೆ ಕೇಳಿಸಿತು.

"ನಾನು ಜಾಸ್ತಿ ಮಾತಾಡ್ತಿದೀನಂತೆ," ಎಂದು ಅತ್ತೆ ಮುಂದುವರಿಸಿದಳು. "ಮಾತಾಡ್ತೀನಿ. ಹನ್ನೊಂದು ವರ್ಷ ಬಾಯಿಗೆ ಹತ್ತಿ ಇಟ್ಕೊಂಡಿದ್ದು ನಾನು. ಈ ಮನುಷ್ಯನಿಗೆ ರಜೆ ಅಂದ್ರೆ ಪ್ರಾಣ ಇತ್ತು ಕಣೇ. ಹೊಸದರಲ್ಲಿ ಮಳೆ ಬಂದ್ರೂ ರಜೆ, ಬರದಿದ್ರೂ ರಜೆ. ನೀನು ಸೇರಿದ್ಮೇಲೆ ನಾವು ಒಂದು ಊರು ನೋಡಿಲ್ಲ. ಮಗಳ ಹೆರಿಗೆಗೆ ನಾನೊಬ್ಬಳೇ ಹೋದೆ. ಇವರು ಒಂದು ದಿನ ಎದ್ದರೆ ಬೇರೆಯವರು ಕೂರ್ತಾರೆ, ಬೇರೆಯವರು ಸರಿಯಾಗಿ ಟೈಪ್ ಮಾಡ್ತಾರೆ, ಸರಿಯಾಗಿ ಮಾಡಿದ್ರೆ ನಿನ್ನ ತಪ್ಪು ಹೊರಗೆ ಬರತ್ತೆ!"

ಸ್ಟೈಲಕ್ಕ ಗೋಡೆಗೆ ಒರಗಿ ನಿಂತಳು. ಕುರ್ಚಿ ಸಮೇತ ರಿಟೈರ್ ಮಾಡಬೇಕು ಎಂಬ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

"ಅಮ್ಮನಿಗೆ... ಅಮ್ಮನಿಗೆ ಈ ವಿಷಯ..."

ಅತ್ತೆ ಈ ಸಲ ತಾನೇ ಗೋಡೆ ನೋಡಿದಳು.

"ಅಮ್ಮನಿಗೂ ಗೊತ್ತಾ!"

"ಮೊದಲನೇ ತಿಂಗಳಿಂದ. ಅಣ್ಣಾ, ಅವಳು ತಾನಾಗೇ ಕಂಡುಹಿಡ್ಕೊಳ್ಳಲಿ, ಅಷ್ಟರ ತನಕ ನೋಡ್ಕೋ ಅಂದಿದ್ದು ನಿಮ್ಮಮ್ಮನೇ. ನೀನು ಇಷ್ಟು ನಿಧಾನ ಅಂತ ಅವಳಿಗೇನು ಗೊತ್ತು?"

ಮಾವನಿಗೆ ಇದನ್ನು ತಡೆಯಲಾಗಲಿಲ್ಲ. ಅವರು ಬಾಯೊಳಗೆ ಎರಡು ಬೆರಳು ಹಾಕಿ ಹತ್ತಿಯನ್ನು ತೆಗೆದು ತಟ್ಟೆಯಲ್ಲಿಟ್ಟರು.

"ಪುಟ್ಟಿ, ಅವಳ ಮಾತು ಬಿಡು. ನೀನು ಈಗಲೇ ಹೋಗಿ ಆ ನಾಲ್ಕು ನಿಯಮ ತಿದ್ದು. ಆಮೇಲೆ ಇನ್ನೊಂದು ಸಾಲು ಬರಿ. ಟೈಪ್ ಮಾಡಿದೋನು ನಾನಾಗಿದ್ರೆ ಆ ನಾಲ್ಕು ದೇಶದ್ದನ್ನ ಕಂಪ್ಯೂಟರೇ ತಿರುಗಿಸ್ಕೊಳ್ಳಲಿ. ಯಾರಾದ್ರೂ ಹಳೇದರ ನಕಲು ಕೇಳಿದ್ರೆ ಅದೂ ಸರಿಹೋಗತ್ತೆ, ಹೊಸದೂ ಸರಿಹೋಗತ್ತೆ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಪೋಸ್ಟು ತಗೋ."

ಇಷ್ಟು ಹೇಳಿ ಮತ್ತೆ ಹತ್ತಿ ಇಟ್ಟುಕೊಂಡರು. ಶೀಟಿನ ಬಗ್ಗೆ ಹನ್ನೊಂದು ವರ್ಷದಲ್ಲಿ ಮಾವ ಆಡಿದ ಮೊದಲ ಮಾತು ಇದು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸ್ಟೈಲಕ್ಕನಿಗೆ ಅದು ಮೂರನೆಯ ಏಟು.

ಎರಡೂವರೆಗೆ ಅವಳು ತನ್ನ ಮೇಜಿನಲ್ಲಿದ್ದಳು. ನಾಲ್ಕು ನಿಯಮ ತಿದ್ದಲು ಮೂರು ನಿಮಿಷ ಸಾಕಾಯಿತು. ನಲವತ್ತಮೂರು ಕರಡುಗಳು ಹೊಸದಾಗಿ ಹೊರಬಂದವು. ಟೈಪಿಸ್ಟ್ ಪಾಸ್‌ಪೋರ್ಟುಗಳನ್ನು ಪಕ್ಕದಲ್ಲಿಟ್ಟು ಒಂದೊಂದನ್ನೇ ಬೆರಳಿಟ್ಟು ನೋಡಿ, "ಈಗ ಇವರು ಇವರೇ," ಎಂದು ಸಹಿ ಹಾಕಿ ಅಚ್ಚಿಗೆ ಕಳಿಸಿದಳು.

ಉಳಿದದ್ದು ಮಾವ ಹೇಳಿದ ಆ ಒಂದು ಸಾಲು. ಸ್ಟೈಲಕ್ಕ ಬರೆದಳು: 'ಟೈಪು ಮಾಡಿದವರು ಮಾವನಾಗಿದ್ದು, ದೇಶ ಈ ನಾಲ್ಕರಲ್ಲಿ ಒಂದಾಗಿದ್ದರೆ, ತಿರುಗಿಸು.' ಐವತ್ತು ಹಳೆಯ ಹೆಸರುಗಳ ಮೇಲೆ ಪರೀಕ್ಷೆ ಮಾಡಿದಳು. ಐವತ್ತೂ ಸರಿ. ಇನ್ನು ಕಳಿಸುವುದೊಂದೇ. ಗಂಟೆ ಮೂರೂ ಕಾಲು.

ಆದರೆ ನಿಯಮದ ತಲೆಯ ಮೇಲೆ ಕಾರಣ ಬರೆಯಬೇಕಲ್ಲ. ಅವಳು 'ತಾಂತ್ರಿಕ ಕಾರಣಗಳಿಂದ' ಎಂದು ಬರೆದಳು. ಅದನ್ನು ಓದಿದಳು. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಅವರ ವಂಶವನ್ನೇ ವಿಚಾರಿಸಿಕೊಳ್ಳುತ್ತಿದ್ದಳು. ಅಳಿಸಿದಳು. 'ಹಳೆಯ ದಾಖಲೆಗಳ ಅನುಕೂಲಕ್ಕಾಗಿ' ಎಂದು ಬರೆದಳು. ಯಾರ ಅನುಕೂಲ? ಅಳಿಸಿದಳು. ಕಾರಣವನ್ನೇ ಬಿಟ್ಟುಬಿಡೋಣವೆಂದು ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಅರವತ್ತೆರಡು ನಿಯಮಗಳ ನಡುವೆ ಅದೊಂದೇ ನಿಯಮ ಬೋಳುತಲೆಯಲ್ಲಿ ನಿಂತಿತ್ತು. ಹತ್ತೊಂಬತ್ತು ಶಾಖೆಯಲ್ಲಿ ಯಾರು ನೋಡಿದರೂ ಮೊದಲು ಕಣ್ಣು ಅಲ್ಲಿಗೇ ಹೋಗುವಂತಿತ್ತು. ಬೆರಳು ತೆಗೆದಳು.

ನಾಲ್ಕೂವರೆಗೆ ಅವಳು ಬರೆದದ್ದು ಇದು: 'ಈ ನಾಲ್ಕು ದೇಶಗಳ ನಿಯಮವನ್ನು ನಾನು ಮೊದಲ ವಾರವೇ ತಪ್ಪಾಗಿ ಬರೆದಿದ್ದೆ, ಹನ್ನೊಂದು ವರ್ಷ ಮಾವ ಕೈಯಲ್ಲೇ ತಿರುಗಿಸಿ ಸರಿಪಡಿಸಿದ್ದಾರೆ.' ಸರಿಯಾಗಿ ಒಂದು ಸಾಲಿಗೆ ಹಿಡಿಸಿತು. ಇದನ್ನು ಮೇಡಂ ಓದುವ ಮುಂಚೆ ತಾನೇ ಹೇಳುವುದು ವಾಸಿ ಎನ್ನಿಸಿ ಫೋನು ಎತ್ತಿದಳು.

ಪ್ರಧಾನ ಕಚೇರಿಯ ಮೇಡಂ ಪೂರ್ತಿ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಆ ಕಡೆಯಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು ಬಂತು.

"ಆರು ಸಾವಿರ ಹೆಸರು ಅಂದ್ರಲ್ಲ. ಅದರಲ್ಲಿ ಆ ನಾಲ್ಕು ದೇಶ ಬಿಟ್ಟು ಬೇರೆ ಕಡೆ ಏನಾದ್ರೂ ಕೈ ಆಡಿಸಿದಾರಾ ನಿಮ್ಮ ಮಾವ?"

"ಇಲ್ಲ ಮೇಡಂ. ಬೇರೆಲ್ಲ ಸರಿಯಾಗಿದೆ."

"ನೋಡಿ ಹೇಳ್ತಿದೀರಾ, ನಂಬಿ ಹೇಳ್ತಿದೀರಾ?"

"ನಂಬಿ," ಎಂದಳು ಸ್ಟೈಲಕ್ಕ.

"ನೋಡಿ. ನಾನು ಲೈನಲ್ಲೇ ಇರ್ತೀನಿ."

ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ದಾಖಲೆಗಳನ್ನು ಜರಡಿ ಹಿಡಿದಳು. ಒಂದೇ ಹೆಸರಿನ ಜನ ಸಿಕ್ಕರು, ಮನೆಹೆಸರೇ ಇಲ್ಲದವರು; ಶೀಟಿನ ಪ್ರಕಾರ ಅವರ ಪ್ರಮಾಣಪತ್ರದಲ್ಲಿ 'ಮನೆಹೆಸರು ತಿಳಿದಿಲ್ಲ' ಎಂದು ಅಚ್ಚಾಗಬೇಕಿತ್ತು. ಮಾವ ಆ ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರ ಹಾಕಿದ್ದರು. ಶೀಟು ಅದನ್ನೇ ಹೆಸರೆಂದು ನಂಬಿ ಸುಮ್ಮನಾಗಿತ್ತು. ತಾಯಿಯದೊಂದು ತಂದೆಯದೊಂದು ಎರಡು ಮನೆಹೆಸರು ಇಟ್ಟುಕೊಂಡವರು ಸಿಕ್ಕರು. ಶೀಟು ಎರಡನೆಯದನ್ನು ಕತ್ತರಿಸದಿರಲೆಂದು ಮಾವ ಅವೆರಡನ್ನು ಅಂಟಿಸಿ ಕೂರಿಸಿದ್ದರು. ಒಂದು ದೇಶದಲ್ಲಿ ಹುಟ್ಟಿ ಇನ್ನೊಂದು ದೇಶದ ಪಾಸ್‌ಪೋರ್ಟು ಹಿಡಿದವರಿಗೆ, ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೆ ಬರುವಂಥ ದೇಶವನ್ನು ಆರಿಸಿ ತುಂಬಿದ್ದರು. ಅವಳು ಒಂದೊಂದಾಗಿ ಓದಿ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಸ್ವರ ಸಣ್ಣದಾಯಿತು. ಬದಲಿ ಟೈಪಿಸ್ಟ್ ತನ್ನ ಕುರ್ಚಿಯಿಂದ ಅರ್ಧ ಎದ್ದು, ಕನ್ನಡಕವನ್ನು ದಾರಕ್ಕೆ ಬಿಟ್ಟು, ಬಾಯಿ ತೆರೆದು ಕೇಳುತ್ತಿದ್ದಳು.

"ಎಷ್ಟು ಹೀಗೆ?" ಎಂದರು ಮೇಡಂ.

"ಇಲ್ಲೀ ತನಕ ಮುನ್ನೂರ ಎಪ್ಪತ್ತು. ಇನ್ನೂ ಬರ್ತಾ ಇದೆ."

"ಪ್ರತಿ ಪಾಸ್‌ಪೋರ್ಟನ್ನೂ ಓದಿದಾರೆ ಅಂತಾಯ್ತು."

"ಹೌದು ಮೇಡಂ."

"ನೀವು ಎಷ್ಟು ಪಾಸ್‌ಪೋರ್ಟ್ ಓದಿದೀರಿ?"

ಸ್ಟೈಲಕ್ಕ ಮೇಜಿನ ಮೇಲಿದ್ದ ನಕಲನ್ನು ನೋಡಿದಳು.

"ಒಂದು. ಇವತ್ತು ಬೆಳಿಗ್ಗೆ."

ಆ ಕಡೆ ಪೆನ್ನು ಏನೋ ಗೀಚಿದ ಸದ್ದು.

"ನೀವು ಹೇಳಿದ್ದು ಒಳ್ಳೇದಾಯ್ತು," ಎಂದರು ಮೇಡಂ. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. "ಆ ಕಾರಣದ ಸಾಲು ಹಾಗೇ ಇರಲಿ, ಅಳಿಸಬೇಡಿ. ಶೀಟ್ ಕಳಿಸಿ. ಈಗ ನಂಗೊಂದು ಹೇಳಿ, ನಿಮ್ಮ ಮಾವನಿಗೆ ಸರ್ವೀಸು ಇನ್ನೂ ಎಷ್ಟಿದೆ?"

"ನಾಲ್ಕು ವರ್ಷ."

"ಹಲ್ಲು ಯಾವಾಗ ಸರಿಹೋಗತ್ತೆ?"

ಶುಕ್ರವಾರ ನೂರ ಎಂಬತ್ತಾರು ನರ್ಸುಗಳು ತಮ್ಮ ತಮ್ಮ ಸರಿಯಾದ ಹೆಸರಿನ ಪ್ರಮಾಣಪತ್ರಗಳನ್ನು ತೆಗೆದುಕೊಂಡರು. ಸೋಮವಾರ ತಿದ್ದಿದ ಶೀಟು ಹತ್ತೊಂಬತ್ತು ಶಾಖೆಗಳಿಗೆ ಹೋಯಿತು. ಹುದ್ದೆಯನ್ನು ಮಾವನಿಗೆ ಕೊಟ್ಟರು.